ಎರಡು ಹಿಜ್ರತ್‌ಗಳ ಮಹಿಳೆ: ಹ. ಅಸ್ಮಾ ಬಿಂತಿ ಉಮೈಸ್(ರ)

ಹ. ಜಾಫರ್ ಬಿನ್ ಅಬೀತಾಲಿಬ್(ರ) ಎಂದೊಡನೆ ನಿಮಗೆ ನೆನಪಾಗುವುದೇನು? ಅಬೀಸೀನಿಯದ ದೊರೆ ನಜ್ಜಾಶಿಯ ಆಸ್ಥಾನವಲ್ಲವೇ? ಒಂದು ಕಡೆ ಉಡುಗೊರೆಗಳನ್ನು ಹೊತ್ತು ಬಂದ ಕುರೈಶರ ದೂತರು, ಇನ್ನೊಂದು ಕಡೆ ಬರಿಗೈಯಲ್ಲಿ ನಿಂತ ಮುಸ್ಲಿಮರು. ಅವರ ಪರವಾಗಿ ಎದ್ದು ಸೂರಃ ಮರ್ಯಮ್‌ನ ಆರಂಭದ ವಚನಗಳನ್ನು ಓದಿದ ಯುವಕ ಜಾಫರ್(ರ), ಕೇಳುತ್ತ ಕೇಳುತ್ತ ಗಡ್ಡ ತೊಯ್ಯುವಂತೆ ಅತ್ತ ದೊರೆ. ನಮ್ಮ ಮದ್ರಸಗಳ ಚಿಕ್ಕ ಮಕ್ಕಳಿಗೂ ಈ ಪಾಠ ಬಾಯಿಪಾಠ. ಮುಂದಿನ ಪುಟ ತಿರುವಿದರೆ ಖೈಬರ್. ಜಾಫರ್(ರ) ಮರಳಿ ಬಂದರು, ಪ್ರವಾದಿವರ್ಯರು(ಸ) ಅವರನ್ನು ಆಲಂಗಿಸಿ ಹಣೆಗೆ ಮುತ್ತಿಟ್ಟರು ಎಂದಿರುತ್ತದೆ.

ಆ ಎರಡು ಪುಟಗಳ ನಡುವೆ ಸುಮಾರು 13 ವರ್ಷಗಳು ಸರಿದುಹೋಗಿವೆ. ಈ ಪಾಠವನ್ನು ನಾನೂ ಹಲವು ವರ್ಷ ಹಾಗೆಯೇ ಕಲಿಸುತ್ತ ಬಂದವನು. ಒಮ್ಮೆ ತರಗತಿಯಲ್ಲಿ ಒಬ್ಬಳು ಹುಡುಗಿ ಎದ್ದು ನಿಂತು, ಅಷ್ಟು ವರ್ಷ ಅವರಿಗೆ ಅಡುಗೆ ಮಾಡಿ ಹಾಕುತ್ತಿದ್ದವರು ಯಾರು ಎಂದು ಕೇಳಿದಳು. ಇತರ ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಆಕೆಯ ತಂದೆ ಕೊಲ್ಲಿ ನಾಡಿನಲ್ಲಿ ದುಡಿಯುತ್ತಿದ್ದರು. ಅವಳೂ ತಾಯಿಯೂ ಕೆಲವು ವರ್ಷ ಅಲ್ಲಿದ್ದು ಮರಳಿದವರು. ಅವಳ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ, ಮನೆಯಿಂದ ಬಂದದ್ದು.

ಆ ಪ್ರಶ್ನೆಗೆ ಉತ್ತರವಾಗಿ ನಿಲ್ಲುವ ಮಹಿಳೆಯ ಹೆಸರು ಹ. ಅಸ್ಮಾ ಬಿಂತಿ ಉಮೈಸ್(ರ).

ಅಸ್ಮಾ(ರ) ಕುರೈಶ್ ಮನೆತನದವರಲ್ಲ, ಖಸ್‌ಅಮ್ ಗೋತ್ರದವರು. ಅವರ ತಾಯಿ ಹಿಂದ್ ಬಿಂತಿ ಔಫ್‌ರಷ್ಟು ಶ್ರೇಷ್ಠ ಅಳಿಯಂದಿರನ್ನು ಪಡೆದ ಅತ್ತೆ ಅರಬ್ ನಾಡಿನಲ್ಲಿ ಬೇರೊಬ್ಬರಿರಲಿಲ್ಲವೆಂದು ಚರಿತ್ರೆಕಾರರು ಬರೆಯುತ್ತಾರೆ. ಅದು ಉತ್ಪ್ರೇಕ್ಷೆಯಲ್ಲ. ಒಬ್ಬ ಮಗಳು ಮೈಮೂನಾ(ರ) ಮುಂದೆ ವಿಶ್ವಾಸಿಗಳ ಮಾತೆಯಾದರು. ಇನ್ನೊಬ್ಬರು ಉಮ್ಮುಲ್ ಫಝ್ಲ್(ರ), ಪ್ರವಾದಿವರ್ಯರ(ಸ) ಚಿಕ್ಕಪ್ಪ ಅಬ್ಬಾಸ್(ರ)ರ ಪತ್ನಿ. ಸಲ್ಮಾ(ರ)ರನ್ನು ಹ. ಹಮ್ಝಾ(ರ) ವರಿಸಿದ್ದರು. ಅಸ್ಮಾ(ರ)ರ ಕೈಹಿಡಿದವರು ಅಬೂತಾಲಿಬರ ಮಗ ಜಾಫರ್(ರ). ಹ. ಅಲಿ(ರ)ರ ಅಣ್ಣ ಇವರು; ಅಬೂತಾಲಿಬರು ಬಡತನದಲ್ಲಿದ್ದ ಕಾರಣ ಅಬ್ಬಾಸ್(ರ)ರ ಆಶ್ರಯದಲ್ಲಿ ಬೆಳೆದವರು. ಮಕ್ಕಾದಲ್ಲಿ ಮುಸ್ಲಿಮರ ಸಂಖ್ಯೆ ಬೆರಳೆಣಿಕೆಯಷ್ಟಿದ್ದಾಗಲೇ, ಅರ್ಕಮ್(ರ)ರ ಮನೆ ಇಸ್ಲಾಮಿನ ಕೇಂದ್ರವಾಗುವುದಕ್ಕೂ ಮುಂಚೆ, ಈ ದಂಪತಿಗಳು ಇಸ್ಲಾಮ್ ಸ್ವೀಕರಿಸಿದ್ದರು.

ಕುರೈಶರ ಹಿಂಸೆ ಮಿತಿಮೀರಿದಾಗ, ಪ್ರವಾದಿತ್ವದ ಐದನೆಯ ವರ್ಷ, ಅಂದರೆ ಕ್ರಿ.ಶ. 615ರಲ್ಲಿ, ಪ್ರವಾದಿವರ್ಯರು(ಸ) ತಮ್ಮ ಅನುಯಾಯಿಗಳಿಗೆ ಅಬೀಸೀನಿಯಕ್ಕೆ ಹೋಗಲು ಅನುಮತಿ ನೀಡಿದರು. ಅಲ್ಲಿನ ದೊರೆಯ ರಾಜ್ಯದಲ್ಲಿ ಯಾರ ಮೇಲೂ ಅನ್ಯಾಯವಾಗುವುದಿಲ್ಲ ಎಂಬುದೇ ಆ ನಾಡಿನ ಬಗ್ಗೆ ಅವರು ಕೊಟ್ಟ ಪರಿಚಯ. ಮೊದಲ ತಂಡದಲ್ಲಿ 11 ಪುರುಷರು, 4 ಮಹಿಳೆಯರು. ಪ್ರವಾದಿಪುತ್ರಿ ರುಕಿಯ್ಯಾ(ರ)ರೂ ಅವರ ಪತಿ ಉಸ್ಮಾನ್(ರ)ರೂ ಅದರಲ್ಲಿದ್ದರು. ಶುಐಬಾ ಎಂಬ ರೇವಿನಲ್ಲಿ ಹೊರಡಲು ಸಿದ್ಧವಾಗಿದ್ದ ಎರಡು ವ್ಯಾಪಾರದ ಹಡಗುಗಳು ಅರ್ಧ ದೀನಾರಿಗೆ ಅವರನ್ನು ಹತ್ತಿಸಿಕೊಂಡವು. ಕುರೈಶರು ಬೆನ್ನಟ್ಟಿ ದಡ ತಲುಪುವಷ್ಟರಲ್ಲಿ ಹಡಗು ನೀರಿಗಿಳಿದಾಗಿತ್ತು. ಆ ಬಳಿಕ ಹೊರಟ ದೊಡ್ಡ ತಂಡದಲ್ಲಿ 80ಕ್ಕೂ ಮಿಕ್ಕಿದ ಪುರುಷರೂ ಸುಮಾರು 18 ಮಹಿಳೆಯರೂ ಇದ್ದರು. ಜಾಫರ್(ರ) ಮತ್ತು ಅಸ್ಮಾ(ರ) ಹೊರಟದ್ದು ಈ ತಂಡದಲ್ಲಿ.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿರಿ. ಅಬೀಸೀನಿಯ ಎಂದರೆ ಅಂದಿನ ಮಕ್ಕಾದ ಒಬ್ಬ ಹೆಣ್ಣುಮಗಳಿಗೆ ಏನು? ಅರಬಿಯಲ್ಲಿ ಆ ನಾಡಿಗೆ ಹಬಶಾ ಎನ್ನುತ್ತಾರೆ. ನಮ್ಮ ಬಿಜಾಪುರದ ಆದಿಲ್‌ಶಾಹಿ ಚರಿತ್ರೆಯಲ್ಲಿ ಬರುವ ಹಬಶಿ ಸರದಾರರ ಹೆಸರಿನ ಮೂಲವೂ ಆ ಶಬ್ದವೇ. ಕುರೈಶರ ವರ್ತಕರಿಗೆ ಅದು ಪರಿಚಿತ ಮಾರುಕಟ್ಟೆ. ಬಿಲಾಲ್(ರ), ಉಮ್ಮು ಐಮನ್(ರ) ಮುಂತಾದವರ ಮೂಲ ಅದೇ ನಾಡು. ಆದರೆ ಆನೆಗಳೊಂದಿಗೆ ಕಅಬಾವನ್ನು ಕೆಡವಲು ಬಂದಿದ್ದ ಅಬ್ರಹನೂ ಹಬಶಿಯೇ ಆಗಿದ್ದ. ಆ ದಂಡಯಾತ್ರೆ ನಡೆದು ಆಗ 45 ವರ್ಷಗಳಷ್ಟೇ ಆಗಿತ್ತು. ಊರು ಬಿಟ್ಟು ಬೆಟ್ಟಗಳಲ್ಲಿ ಅಡಗಿದ್ದನ್ನು ನೆನಪಿಟ್ಟುಕೊಂಡಿದ್ದ ಹಿರಿಯರು ಮಕ್ಕಾದಲ್ಲಿ ಇನ್ನೂ ಬದುಕಿದ್ದರು. ಆ ನಾಡಿಗೇ ಈಗ ಆಶ್ರಯ ಕೇಳಿಕೊಂಡು ಹೋಗಬೇಕು. ತನ್ನ ಕುಟುಂಬದವರ ಕೈಯಿಂದ ತಪ್ಪಿಸಿಕೊಂಡು, ಒಂದು ಕಾಲದಲ್ಲಿ ಶತ್ರುವಾಗಿದ್ದವರ ಬಾಗಿಲು ತಟ್ಟಬೇಕು!

ಕೆಂಪು ಸಮುದ್ರ ದಾಟಿದರೆ ಎದುರಿಗೆ ಎತ್ತರದ ಬೆಟ್ಟಗಳು. ಇಂದಿನ ಇಥಿಯೋಪಿಯ ಮತ್ತು ಎರಿಟ್ರಿಯಗಳಲ್ಲಿ ಹರಡಿದ್ದ ಆ ರಾಜ್ಯದ ಪ್ರಾಚೀನ ರಾಜಧಾನಿ ಅಕ್ಸೂಮ್ ಸಮುದ್ರಮಟ್ಟದಿಂದ 2 ಸಾವಿರ ಮೀಟರಿಗೂ ಎತ್ತರದಲ್ಲಿದೆ. ಮಕ್ಕಾದ ಕಣಿವೆಯಲ್ಲಿ ಬೆಳೆಯೆಂಬುದಿಲ್ಲ, ಮಳೆ ಅಪರೂಪ. ಹಬಶಾದ ಬೆಟ್ಟನಾಡಿನಲ್ಲಿ ಹೆಚ್ಚುಕಡಿಮೆ ನಮ್ಮ ಮಳೆಗಾಲದಂತೆಯೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ರಾತ್ರಿಯಾದರೆ ಚಳಿ. ಅಲ್ಲಿನ ಅರಸರು ತಮ್ಮದೇ ಚಿನ್ನದ ನಾಣ್ಯ ಹೊರಡಿಸಿದ್ದವರು, ನಾಲ್ಕನೆಯ ಶತಮಾನದಿಂದ ಕ್ರೈಸ್ತ ಧರ್ಮೀಯರು. ಭಾಷೆ ಗೀಝ್, ಅರಬಿಯ ದೂರದ ಬಂಧು; ಆದರೆ ಕೇಳಿದೊಡನೆ ಅರ್ಥವಾಗುವಷ್ಟು ಹತ್ತಿರದ್ದಲ್ಲ. ಇಗರ್ಜಿಗಳ ನಾಡಿನಲ್ಲಿ ಈ ಹೊಸಬರ ನಮಾಝ್ ಬೇರೆ, ಮಾತು ಬೇರೆ, ಊಟ ಬೇರೆ.

ಮುಸ್ಲಿಮರು ಅಲ್ಲಿ ನೆಮ್ಮದಿಯಿಂದ ಇದ್ದಾರೆಂಬ ಸುದ್ದಿ ಕುರೈಶರಿಗೆ ಸಹನೆಯಾಗಲಿಲ್ಲ. ಅಮ್ರ್ ಬಿನ್ ಆಸ್ ಮತ್ತು ಅಬ್ದುಲ್ಲಾ ಬಿನ್ ಅಬೀರಬೀಅರನ್ನು ಅವರು ಕಳುಹಿಸಿದರು. ಹಬಶಾದ ಗಣ್ಯರು ಮೆಚ್ಚುತ್ತಿದ್ದ ಮಕ್ಕಾದ ಹದಮಾಡಿದ ಚರ್ಮಗಳೇ ಉಡುಗೊರೆ. ಮುಂದಿನದು ನಿಮಗೆ ತಿಳಿದ ಕತೆ. ಅದನ್ನು ನಮಗೆ ತಲುಪಿಸಿದವರು ಓರ್ವ ಮಹಿಳೆ, ಅಂದು ತಮ್ಮ ಪತಿ ಅಬೂಸಲಮಾ(ರ)ರೊಂದಿಗೆ ಅಲ್ಲಿದ್ದ ಉಮ್ಮು ಸಲಮಾ(ರ), ಎಂಬುದನ್ನು ಮಾತ್ರ ನೆನಪಿಸುತ್ತೇನೆ. ಆ ದಿನ ದೊರೆ ಕುರೈಶರ ಮಾತಿಗೆ ಒಲಿದಿದ್ದರೆ ಗಂಡಸರು ಮಾತ್ರವಲ್ಲ, ಹೆಂಗಸರು ಮಕ್ಕಳೆಲ್ಲ ಹಿಂಸಕರ ಕೈಗೆ ಮರಳಬೇಕಿತ್ತು. ಮರುದಿನ ಅಮ್ರ್ ಇನ್ನೊಂದು ಬಾಣ ಹೂಡಿದರು: ಇವರು ಈಸಾ(ಅ)ರ ಬಗ್ಗೆ ಬೇರೆಯೇ ಮಾತಾಡುತ್ತಾರೆ, ಕೇಳಿ ನೋಡಬೇಕು ಎಂದು ದೊರೆಯಲ್ಲಿ ದೂರಿದರು. ಆ ರಾತ್ರಿಯ ಕಳವಳದಷ್ಟು ದೊಡ್ಡ ಕಳವಳ ತಮಗೆ ಬಂದೇ ಇರಲಿಲ್ಲವೆಂದು ಉಮ್ಮು ಸಲಮಾ(ರ) ಸ್ಮರಿಸಿದ್ದಾರೆ. ಆಶ್ರಯ ಕೊಟ್ಟವನ ಧರ್ಮಕ್ಕೆ ಹಿತವಾಗುವಂತೆ ಮಾತನ್ನು ಸ್ವಲ್ಪ ತಿರುಚಿದರೇನು? ಹಾಗೆ ಅನಿಸುವುದು ಸಹಜ. ಅವರು ತಿರುಚಲಿಲ್ಲ. ಈಸಾ(ಅ) ಅಲ್ಲಾಹನ ದಾಸರು, ಆತನ ಸಂದೇಶವಾಹಕರು, ಕನ್ಯೆ ಮರ್ಯಮ್‌ರಲ್ಲಿ ಇಡಲಾದ ಆತನ ವಚನ ಎಂದು ತಮ್ಮ ಪ್ರವಾದಿ(ಸ) ಕಲಿಸಿದ್ದನ್ನೇ ಜಾಫರ್(ರ) ಹೇಳಿದರು. ದೊರೆ ಒಪ್ಪಿದ. ಕುರೈಶರ ಚರ್ಮಗಳು ಬಂದ ದಾರಿಯಲ್ಲೇ ಮರಳಿದವು.

ಪಾಠಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ಆದರೆ ಆಶ್ರಯವೆಂಬುದು ಒಬ್ಬ ಮನುಷ್ಯನ ಸಿಂಹಾಸನಕ್ಕೆ ಕಟ್ಟಿದ ಹಗ್ಗ. ಸಿಂಹಾಸನ ಅಲುಗಿದರೆ ಹಗ್ಗವೂ ಅಲುಗುತ್ತದೆ. ನಜ್ಜಾಶಿಯ ವಿರುದ್ಧ ಅವನದೇ ನಾಡಿನವನೊಬ್ಬ ದಂಗೆಯೆದ್ದ. ಎರಡೂ ಸೈನ್ಯಗಳು ನೈಲ್ ನದಿಯ ಆಚೆ ದಡದಲ್ಲಿ ಎದುರಾದವು. ಬರುವ ಅರಸ ತಮ್ಮ ಹಕ್ಕನ್ನು ಮನ್ನಿಸುತ್ತಾನೋ ಇಲ್ಲವೋ! ಹಾಗೇನಾದರೂ ಸೋತರೆ ಹತ್ತಿ ಹೊರಡಿರೆಂದು ನಜ್ಜಾಶಿ ಮುಸ್ಲಿಮರಿಗಾಗಿ ದೋಣಿಗಳನ್ನು ಸಿದ್ಧಗೊಳಿಸಿದ್ದನೆಂದೂ ವರದಿಯಿದೆ. ಸುದ್ದಿ ತರುವವರಾರು ಎಂದು ಕೇಳಿದಾಗ ಅವರಲ್ಲೆಲ್ಲ ಕಿರಿಯರಾದ ಝುಬೈರ್(ರ) ಮುಂದೆ ಬಂದರು. ಚರ್ಮದ ಚೀಲಕ್ಕೆ ಗಾಳಿ ತುಂಬಿ ಎದೆಗೆ ಕಟ್ಟಿಕೊಟ್ಟರು. ಅದರ ಮೇಲೆ ತೇಲುತ್ತ ಅವರು ನದಿ ದಾಟಿದರು. ಈಚೆ ದಡದಲ್ಲಿ ಉಳಿದವರು ದೊರೆಯ ಗೆಲುವಿಗಾಗಿ ಪ್ರಾರ್ಥಿಸುತ್ತ ಕುಳಿತರು. ಝುಬೈರ್(ರ) ದೂರದಿಂದಲೇ ಬಟ್ಟೆ ಬೀಸುತ್ತ ಓಡಿಬಂದು ನಜ್ಜಾಶಿ ಗೆದ್ದ ಸುದ್ದಿ ಹೇಳಿದಾಗ ಆದಷ್ಟು ಸಂತೋಷ ತಮಗೆ ಎಂದೂ ಆಗಿರಲಿಲ್ಲವೆಂದು ಉಮ್ಮು ಸಲಮಾ(ರ) ಹೇಳಿದ್ದಾರೆ. ಪರದೇಶದಲ್ಲಿ ನೆಲೆಸಿ, ಅಲ್ಲಿ ಯುದ್ಧದ ಸುದ್ದಿ ಬಂದಾಗ ಪಾಸ್‌ಪೋರ್ಟುಗಳನ್ನು ಒಂದೆಡೆ ಜೋಡಿಸಿಟ್ಟು ರೇಡಿಯೋ ಮುಂದೆ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಸ್ಮಾ(ರ)ರ ಮೂವರು ಮಕ್ಕಳೂ ಹಬಶಾದಲ್ಲೇ ಹುಟ್ಟಿದರು: ಅಬ್ದುಲ್ಲಾ, ಮುಹಮ್ಮದ್, ಔನ್. ತವರಿನವರಿಲ್ಲದ ಊರಿನಲ್ಲಿ ಮೂರು ಬಾಣಂತನ. ಹಬಶಾದಲ್ಲಿ ಜನಿಸಿದ ಮೊದಲ ಮುಸ್ಲಿಮ್ ಮಗುವೆಂದು ಅಬ್ದುಲ್ಲಾ(ರ)ರನ್ನು ಗುರುತಿಸುತ್ತಾರೆ. ಅದೇ ದಿನಗಳಲ್ಲಿ ನಜ್ಜಾಶಿಗೂ ಒಂದು ಗಂಡುಮಗುವಾಯಿತು. ಜಾಫರ್(ರ) ತಮ್ಮ ಮಗುವಿಗೆ ಏನು ಹೆಸರಿಟ್ಟರೆಂದು ವಿಚಾರಿಸಿ ಆತ ತನ್ನ ಮಗುವಿಗೂ ಅದನ್ನೇ ಇಟ್ಟ, ಅಸ್ಮಾ(ರ) ತಮ್ಮ ಮಗುವಿನೊಂದಿಗೆ ಅದಕ್ಕೂ ಹಾಲೂಡಿಸಿದರು ಎಂದು ಕೆಲವು ಚರಿತ್ರೆಕಾರರು ದಾಖಲಿಸಿದ್ದಾರೆ. ಆಸ್ಥಾನದಲ್ಲಿ ಜಾಫರ್(ರ) ಮಾಡಿದ ಭಾಷಣವನ್ನು ನಾವು ಎಷ್ಟೊಂದು ಹೊಗಳುತ್ತೇವೆ! ಎರಡು ಮನೆಗಳನ್ನು ಬೆಸೆದ ಈ ಹಾಲಿನ ಸಂಬಂಧವೂ ಸಣ್ಣದೇನಲ್ಲ ಎಂದು ನನಗೆ ತೋರುತ್ತದೆ.

ಎಲ್ಲರ ಮನೆಯೂ ಹಾಗೆ ನಿಲ್ಲಲಿಲ್ಲ. ಅಬೂಸುಫ್ಯಾನರ ಮಗಳು ಉಮ್ಮು ಹಬೀಬಾ(ರ)ರ ಪತಿ ಉಬೈದುಲ್ಲಾ ಬಿನ್ ಜಹ್ಶ್ ಅಲ್ಲಿ ಇಸ್ಲಾಮನ್ನು ತೊರೆದು ಕ್ರೈಸ್ತನಾದ, ಅಲ್ಲೇ ತೀರಿಕೊಂಡ. ಧರ್ಮಕ್ಕಾಗಿ ಮನೆ ಬಿಟ್ಟು ಬಂದವಳ ಕೈ ಹಿಡಿದವನೇ ಧರ್ಮ ಬಿಟ್ಟ. ಮಕ್ಕಾಕ್ಕೆ ಮರಳೋಣವೆಂದರೆ ತಂದೆ ಇಸ್ಲಾಮಿನ ಕಡುವೈರಿ. ಮಡಿಲಲ್ಲಿ ಹಬೀಬಾ ಎಂಬ ಮಗಳು. ಆ ದಿನಗಳಲ್ಲಿ ಉಮ್ಮು ಹಬೀಬಾ(ರ)ರಿಗೆ ಆಸರೆಯಾಗಿದ್ದುದು ಪರನಾಡಿನ ಆ ಪುಟ್ಟ ಮುಸ್ಲಿಮ್ ಸಮೂಹ. ಅದರ ನಾಯಕ ಜಾಫರ್(ರ). ಮುಂದೆ ಪ್ರವಾದಿವರ್ಯರು(ಸ) ವಿವಾಹ ಪ್ರಸ್ತಾಪ ಕಳುಹಿಸಿದಾಗ ಮಹ್ರ್ ತೆತ್ತವನು ನಜ್ಜಾಶಿಯೇ.

ವರ್ಷಗಳು ಉರುಳಿದವು. ಮಕ್ಕಾದವರೆಲ್ಲ ಮುಸ್ಲಿಮರಾದರೆಂಬ ಸುಳ್ಳು ಸುದ್ದಿ ನಂಬಿ ಕೆಲವರು ಬಹಳ ಮೊದಲೇ ಮರಳಿದ್ದರು. ಉಮ್ಮು ಸಲಮಾ(ರ)ರ ಕುಟುಂಬವೂ ಹೊರಟುಹೋಯಿತು. 622ರಲ್ಲಿ ಪ್ರವಾದಿವರ್ಯರು(ಸ) ಮದೀನಾ ಸೇರಿದರು. 624ರಲ್ಲಿ ಬದ್ರ್ ನಡೆಯಿತು. 625ರಲ್ಲಿ ಉಹುದ್ ನಡೆದು, ಅಸ್ಮಾ(ರ)ರ ಸಹೋದರಿ ಸಲ್ಮಾ(ರ)ರ ಪತಿ ಹಮ್ಝಾ(ರ) ಹುತಾತ್ಮರಾದರು. ಅಕ್ಕತಂಗಿಯರ ನಡುವೆ ಸಮುದ್ರವಿತ್ತು. ಜೊತೆ ಕುಳಿತು ಅಳುವುದಕ್ಕೂ ಆಗಲಿಲ್ಲ. ಮದೀನಾದಲ್ಲಿ ಇಸ್ಲಾಮಿನ ಚರಿತ್ರೆ ದಿನಕ್ಕೊಂದು ಪುಟ ಬರೆಯುತ್ತಿತ್ತು. ಇವರು ಮಾತ್ರ ಹಬಶಾದಲ್ಲೇ ಉಳಿದರು.

ಹಿಜ್ರಿ 7, ಅಂದರೆ 628ರಲ್ಲಿ, ಪ್ರವಾದಿವರ್ಯರ(ಸ) ದೂತ ಅಮ್ರ್ ಬಿನ್ ಉಮಯ್ಯಾ(ರ) ಹಬಶಾಕ್ಕೆ ಬಂದರು. ನಜ್ಜಾಶಿ ಎರಡು ಹಡಗುಗಳನ್ನು ಕೊಟ್ಟು ಮುಸ್ಲಿಮರನ್ನು ಬೀಳ್ಕೊಟ್ಟ. ಯಮನ್‌ನಿಂದ ಮದೀನಾಕ್ಕೆ ಹೊರಟು ಗಾಳಿಗೆ ಸಿಕ್ಕಿ ಹಬಶಾದ ದಡ ಸೇರಿದ್ದ ಅಬೂಮೂಸಾ ಅಶ್‌ಅರಿ(ರ) ಮತ್ತು ಅವರ 50ಕ್ಕೂ ಹೆಚ್ಚು ಸಂಗಾತಿಗಳು ಕೂಡ ಜೊತೆಗೂಡಿದರು. ಅವರೆಲ್ಲ ತಲುಪುವ ಹೊತ್ತಿಗೆ ಖೈಬರ್ ಜಯಿಸಲ್ಪಟ್ಟಿತ್ತು. ಖೈಬರಿನ ವಿಜಯಕ್ಕೆ ಹೆಚ್ಚು ಸಂತೋಷಪಡಲೋ ಜಾಫರ್ ಬಂದದ್ದಕ್ಕೋ ತಿಳಿಯದು ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ನುಡಿದರು. ಯುದ್ಧದಲ್ಲಿ ಪಾಲ್ಗೊಳ್ಳದಿದ್ದರೂ ಹಡಗಿನಲ್ಲಿ ಬಂದವರಿಗೆಲ್ಲ ಖೈಬರಿನ ಸೊತ್ತಿನಲ್ಲಿ ಪಾಲು ಕೊಟ್ಟರು.

ಮಕ್ಕಳಿಗೆ ಇದು ಮರಳಿ ಬರುವುದಾಗಿರಲಿಲ್ಲ, ಹೊಸದಾಗಿ ಬರುವುದಾಗಿತ್ತು. ಇದು ನಿಮ್ಮ ಊರು ಎಂದು ತಾಯಿ ತೋರಿಸಿದ ಮದೀನಾವನ್ನು ಸ್ವತಃ ತಾಯಿಯೇ ಹಬಶಾಕ್ಕೆ ಹೋಗುವಾಗ ಬಿಟ್ಟು ಬಂದಿರಲಿಲ್ಲ. ಅವರು ಬಿಟ್ಟುಬಂದದ್ದು ಮಕ್ಕಾ! ಹಡಗಿನಲ್ಲಿ ಬಂದವರ ಪೈಕಿ ಉಮ್ಮು ಖಾಲಿದ್(ರ) ಎಂಬ ಪುಟ್ಟ ಹುಡುಗಿಯೂ ಇದ್ದಳು, ಆಕೆಯೂ ಹಬಶಾದಲ್ಲಿ ಹುಟ್ಟಿದವಳು. ಪ್ರವಾದಿವರ್ಯರು(ಸ) ತಮ್ಮ ಬಳಿಗೆ ಬಂದ ಒಂದು ಚಿತ್ತಾರದ ಕಪ್ಪು ವಸ್ತ್ರವನ್ನು ಆ ಮಗುವಿಗೆ ತೊಡಿಸಿ, ಅದರ ಚಿತ್ತಾರ ತೋರಿಸಿ, ಚೆಂದ ಎಂಬುದನ್ನು ಅರಬಿಯಲ್ಲಿ ಹೇಳದೆ ಹಬಶಿ ಭಾಷೆಯಲ್ಲಿ ಹೇಳಿದರು. ಬುಖಾರಿಯಲ್ಲಿರುವ ಈ ಹದೀಸನ್ನು ಓದುವಾಗಲೆಲ್ಲ ನನಗೆ ನನ್ನ ತರಗತಿಯಲ್ಲಿ ಕನ್ನಡ ಅಕ್ಷರಗಳಿಗೆ ತಡವರಿಸುವ, ಪರದೇಶದಿಂದ ಮರಳಿದ ಮಕ್ಕಳು ನೆನಪಾಗುತ್ತಾರೆ. ಅವರನ್ನು ನಾವು ಎಷ್ಟು ಅವಸರದಿಂದ ತಿದ್ದುತ್ತೇವೆ!

ಜಾಫರ್(ರ)ರ ಮಕ್ಕಳು ಹೊಸ ನಾಡಿನಲ್ಲಿ ಸೊರಗಿದಂತೆ ಕಂಡರು. ಪ್ರವಾದಿವರ್ಯರು(ಸ) ಅದನ್ನು ಗಮನಿಸಿ ಅಸ್ಮಾ(ರ)ರನ್ನು ಕರೆದು, ನನ್ನ ಸಹೋದರನ ಮಕ್ಕಳು ಯಾಕೆ ಇಷ್ಟು ಬಡಕಲಾಗಿದ್ದಾರೆ, ಮನೆಯಲ್ಲಿ ಏನಾದರೂ ಕೊರತೆಯಿದೆಯೇ ಎಂದು ವಿಚಾರಿಸಿದರು. ಕೊರತೆಯೇನಿಲ್ಲ, ಅವರಿಗೆ ದೃಷ್ಟಿ ಬೇಗ ತಾಗುತ್ತದೆ ಎಂದರು ತಾಯಿ. ಮಕ್ಕಳಿಗೆ ಮಂತ್ರಿಸಿ ಊದುವಂತೆ ಅವರು ಸೂಚಿಸಿದರು.

ಈಗ ಅಸ್ಮಾ(ರ)ರ ಬದುಕಿನ ಬಹು ಮುಖ್ಯ ಘಟನೆಗೆ ಬರೋಣ. ಒಂದು ದಿನ ಅವರು ಪ್ರವಾದಿಪತ್ನಿ ಹಫ್ಸಾ(ರ)ರನ್ನು ಕಾಣಲು ಹೋಗಿದ್ದರು. ಆಗ ಹಫ್ಸಾ(ರ)ರ ತಂದೆ ಉಮರ್(ರ) ಒಳಗೆ ಬಂದರು. ಕುಳಿತವರು ಯಾರೆಂದು ವಿಚಾರಿಸಿದರು. ಹೆಸರು ಕೇಳಿದಾಗ, ಆ ಹಬಶಿನವಳೇ, ಆ ಕಡಲಿನವಳೇ ಎಂದು ಕೇಳಿದರು. ಹೌದೆಂದರು ಅಸ್ಮಾ(ರ). ಹಿಜ್ರತ್‌ನಲ್ಲಿ ತಾವು ನಿಮ್ಮನ್ನು ಮೀರಿ ಮುಂದೆ ಹೋದೆವು, ಆದ್ದರಿಂದ ಅಲ್ಲಾಹನ ಸಂದೇಶವಾಹಕರ(ಸ) ಮೇಲೆ ತಮಗೆ ನಿಮಗಿಂತ ಹೆಚ್ಚಿನ ಹಕ್ಕಿದೆ ಎಂದರು ಉಮರ್(ರ).

ಅದರಲ್ಲಿ ದುರುದ್ದೇಶವಿರಲಿಲ್ಲ. ಬದ್ರ್, ಉಹುದ್, ಖಂದಕ್‌ಗಳನ್ನು ಕಂಡವರ ಸಹಜ ಅಭಿಮಾನ ಅದು. ಆದರೆ ಕೇಳಿದವರಿಗೆ ಹೇಗಾಗಿರಬೇಡ? 13 ವರ್ಷ ಪರದೇಶದಲ್ಲಿ ಕಳೆದು ಬಂದವಳಿಗೆ, ನೀನು ಇಲ್ಲಿರಲಿಲ್ಲ, ನಿನ್ನದು ಲೆಕ್ಕಕ್ಕಿಲ್ಲ ಎಂದಂತಾಯಿತು. ಅಸ್ಮಾ(ರ) ಕೋಪಗೊಂಡರು. ಉಮರ್(ರ) ಎಂದರೆ ದೊಡ್ಡ ದೊಡ್ಡವರೂ ಅಳುಕುತ್ತಿದ್ದ ಕಾಲ ಅದು. ಅವರು ಅಳುಕಲಿಲ್ಲ. ನೀವು ಪ್ರವಾದಿಯವರ(ಸ) ಜೊತೆಯಲ್ಲಿದ್ದಿರಿ, ಅವರು ನಿಮ್ಮಲ್ಲಿ ಹಸಿದವರಿಗೆ ಉಣಿಸುತ್ತಿದ್ದರು, ತಿಳಿಯದವರಿಗೆ ಕಲಿಸುತ್ತಿದ್ದರು. ನಾವಾದರೋ ದೂರದ, ನಮ್ಮನ್ನು ಒಲ್ಲದ ನಾಡಿನಲ್ಲಿ, ಅಲ್ಲಾಹನಿಗಾಗಿ ಮತ್ತು ಅವನ ಸಂದೇಶವಾಹಕರಿಗಾಗಿ(ಸ), ಹಿಂಸೆ ಮತ್ತು ಭಯಗಳ ನಡುವೆ ಬದುಕಿದೆವು ಎಂದು ಉತ್ತರಿಸಿದರು. ಈ ಮಾತನ್ನು ಪ್ರವಾದಿಯವರಿಗೆ(ಸ) ತಿಳಿಸುವ ತನಕ ಅನ್ನ ನೀರು ಮುಟ್ಟುವುದಿಲ್ಲ, ಸುಳ್ಳು ಸೇರಿಸುವುದಿಲ್ಲ, ಒಂದನ್ನು ಹೆಚ್ಚಿಸುವುದೂ ಇಲ್ಲ ಎಂದು ಅಲ್ಲಾಹನಾಣೆ ಹಾಕಿದರು.

ಪ್ರವಾದಿವರ್ಯರು(ಸ) ಬಂದಾಗ ಅಸ್ಮಾ(ರ) ನಡೆದುದನ್ನು ಹೇಳಿದರು. ನೀವು ಏನು ಉತ್ತರ ಕೊಟ್ಟಿರಿ ಎಂದು ಅವರು ಕೇಳಿದರು. ಅಸ್ಮಾ(ರ) ಅದನ್ನೂ ಹೇಳಿದರು. ಆಗ ಪ್ರವಾದಿವರ್ಯರು(ಸ) ಕೊಟ್ಟ ತೀರ್ಪು ಇದು: ಉಮರ್‌ರಿಗೆ ತಮ್ಮ ಮೇಲೆ ಇವರಿಗಿಂತ ಹೆಚ್ಚಿನ ಹಕ್ಕಿಲ್ಲ. ಅವರಿಗೂ ಅವರ ಸಂಗಾತಿಗಳಿಗೂ ಇರುವುದು ಒಂದು ಹಿಜ್ರತ್, ಹಡಗಿನವರಾದ ಇವರಿಗೆ ಎರಡು.

ಈ ಮಾತು ಊರಿಗೆಲ್ಲ ಹಬ್ಬಿತು. ಅಬೂಮೂಸಾ(ರ) ಮತ್ತು ಹಡಗಿನಲ್ಲಿ ಬಂದವರು ಗುಂಪು ಗುಂಪಾಗಿ ಅಸ್ಮಾ(ರ)ರ ಮನೆಗೆ ಬಂದು ಅದನ್ನು ಅವರ ಬಾಯಿಂದಲೇ ಕೇಳತೊಡಗಿದರು. ಅಬೂಮೂಸಾ(ರ)ರಂತೂ ಅದನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದರು. ಪ್ರಪಂಚದಲ್ಲಿ ಅವರಿಗೆ ಅದಕ್ಕಿಂತ ಸಂತೋಷ ಕೊಡುವ ಸಂಗತಿ ಬೇರೊಂದಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಭಟ್ಕಳ, ಉಡುಪಿ, ಮಂಗಳೂರು ಕಡೆಯಿಂದ ಹೊಟ್ಟೆಪಾಡಿಗಾಗಿ ಪರದೇಶಕ್ಕೆ ಹೋಗುವುದನ್ನು ಈ ಹಿಜ್ರತ್‌ಗೆ ಸಮೀಕರಿಸುವವರಿದ್ದಾರೆ. ಅದು ಸರಿಯಲ್ಲ, ಎರಡರ ಉದ್ದೇಶ ಬೇರೆ ಬೇರೆ. ಆದರೆ ಪರದೇಶದಲ್ಲಿ ಮನೆ ಹೂಡಿ ಮಕ್ಕಳಿಗೆ ದೀನ್ ಕಲಿಸುತ್ತ ವರ್ಷ ಕಳೆದ ಹೆಣ್ಣುಮಗಳು ಊರಿಗೆ ಬಂದಾಗ, ಇವಳಿಗೇನು, ಅಲ್ಲಿ ಸುಖವಾಗಿದ್ದಳು ಎಂದು ಆಡಿಕೊಳ್ಳುವ ನಮ್ಮ ನಾಲಗೆಗೆ ಮಾತ್ರ ಈ ಹದೀಸಿನಲ್ಲಿ ಪಾಠವಿದೆ.

ಮದೀನಾದಲ್ಲಿ ಅಸ್ಮಾ(ರ)ರ ಮನೆ ತುಂಬಿಕೊಂಡಿತು. 629ರಲ್ಲಿ, ಹಿಂದಿನ ವರ್ಷ ತಪ್ಪಿದ ಉಮ್ರಾವನ್ನು ಪೂರೈಸಿ ಪ್ರವಾದಿವರ್ಯರು(ಸ) ಮಕ್ಕಾದಿಂದ ಹೊರಟಾಗ, ಹಮ್ಝಾ(ರ)ರ ಪುಟ್ಟ ಮಗಳು ಚಿಕ್ಕಪ್ಪಾ ಎಂದು ಕೂಗುತ್ತ ಅವರ ಹಿಂದೆ ಓಡಿಬಂದಳು. ಅವಳನ್ನು ಸಾಕುವ ಹಕ್ಕು ಯಾರದೆಂದು ಅಲಿ(ರ), ಝೈದ್(ರ) ಮತ್ತು ಜಾಫರ್(ರ)ರ ನಡುವೆ ಚರ್ಚೆಯಾಯಿತು. ತಾಯಿಯ ಸಹೋದರಿ ತಾಯಿಯ ಸ್ಥಾನದಲ್ಲಿರುವವಳು ಎಂದು ತೀರ್ಮಾನಿಸಿ ಪ್ರವಾದಿವರ್ಯರು(ಸ) ಮಗುವನ್ನು ಅಸ್ಮಾ(ರ)ರ ಮಡಿಲಿಗೆ ಹಾಕಿದರು. ರೂಪದಲ್ಲೂ ಗುಣದಲ್ಲೂ ತಮ್ಮನ್ನು ಹೋಲುವವರೆಂದು ಜಾಫರ್(ರ)ರನ್ನು ಹೊಗಳಿದ್ದು ಆ ಸಂದರ್ಭದಲ್ಲೇ.

ಆ ವರ್ಷ ಮುಗಿಯುವ ಮೊದಲೇ, ಹಿಜ್ರಿ 8ರ ಜುಮಾದಲ್ ಊಲಾದಲ್ಲಿ, ಮುಅ್ತಾ ಯುದ್ಧ ನಡೆಯಿತು. ಪರದೇಶದಲ್ಲಿ 13 ವರ್ಷ ಜೊತೆಗಿದ್ದ ಗಂಡಹೆಂಡಿರಿಗೆ ಮದೀನಾದಲ್ಲಿ ಒಟ್ಟಿಗೆ ದೊರೆತದ್ದು ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ.

ಆ ಬೆಳಿಗ್ಗೆ ಅಸ್ಮಾ(ರ) 40 ಚರ್ಮಗಳನ್ನು ಹದಮಾಡಿ ಮುಗಿಸಿದ್ದರು. ಹಿಟ್ಟು ನಾದಿಟ್ಟಿದ್ದರು. ಮಕ್ಕಳಿಗೆ ಸ್ನಾನ ಮಾಡಿಸಿ, ಎಣ್ಣೆ ಹಚ್ಚಿ, ಚೊಕ್ಕವಾಗಿಟ್ಟಿದ್ದರು. ಪ್ರವಾದಿವರ್ಯರು(ಸ) ಒಳಗೆ ಬಂದು ಜಾಫರ್‌ರ ಮಕ್ಕಳನ್ನು ಕರೆಯಲು ಹೇಳಿದರು. ಮಕ್ಕಳು ಬಂದಾಗ ಅವರನ್ನು ಅಪ್ಪಿ ಮೂಸಿದರು. ಅವರ ಕಣ್ಣುಗಳು ತುಂಬಿ ಹರಿದವು. ಜಾಫರ್ ಮತ್ತು ಅವರ ಸಂಗಾತಿಗಳ ಬಗ್ಗೆ ಏನಾದರೂ ಸುದ್ದಿ ಬಂದಿದೆಯೇ ಎಂದು ಅಸ್ಮಾ(ರ) ಕೇಳಿದರು. ಹೌದು, ಅವರು ಇಂದು ಹುತಾತ್ಮರಾದರು ಎಂಬ ಉತ್ತರ ಬಂತು. ಅಸ್ಮಾ(ರ) ಎದ್ದು ಗೋಳಿಟ್ಟರು. ಹೆಂಗಸರು ಬಂದು ಸೇರಿದರು. ಪ್ರವಾದಿವರ್ಯರು(ಸ) ತಮ್ಮ ಮನೆಗೆ ಹೋಗಿ, ಜಾಫರ್‌ರ ಮನೆಯವರಿಗೆ ಅಡುಗೆ ಮಾಡಿ ಕಳುಹಿಸಬೇಕು, ಅವರು ತಮ್ಮ ದುಃಖದಲ್ಲಿ ಮುಳುಗಿದ್ದಾರೆ ಎಂದು ಹೇಳಿದರು. ಇಂದಿಗೂ ಸಾವಿನ ಮನೆಗೆ ನೆರೆಯವರು ಬುತ್ತಿ ಒಯ್ಯುವ ನಮ್ಮ ಸಂಪ್ರದಾಯಕ್ಕೆ ಮೂಲ ಅಸ್ಮಾ(ರ)ರ ಆ ಮನೆ. ಪರದೇಶದಲ್ಲಿ ಅಷ್ಟು ವರ್ಷ ಇತರರ ನೋವಿನಲ್ಲಿ ಜೊತೆಯಾದವರ ಒಲೆಯಲ್ಲಿ ಅಂದು ಬೆಂಕಿ ಉರಿಯಲಿಲ್ಲ.

ಮೂರು ದಿನಗಳಾದ ಮೇಲೆ ಪ್ರವಾದಿವರ್ಯರು(ಸ) ಮತ್ತೆ ಬಂದರು. ಕ್ಷೌರಿಕನನ್ನು ಕರೆಸಿ ಮಕ್ಕಳ ತಲೆ ಬೋಳಿಸಿದರು. ಅಸ್ಮಾ(ರ) ಮಕ್ಕಳ ಅನಾಥತ್ವವನ್ನು ಹೇಳಿಕೊಂಡು ಅತ್ತಾಗ, ಇಹದಲ್ಲೂ ಪರದಲ್ಲೂ ತಾವೇ ಅವರ ಪೋಷಕರಾಗಿರುವಾಗ ಬಡತನಕ್ಕೆ ಅಂಜುವುದೇಕೆ ಎಂದು ಸಂತೈಸಿದರು. ಮುಅ್ತಾದಲ್ಲಿ ಕಡಿಯಲ್ಪಟ್ಟ ಎರಡು ಕೈಗಳ ಬದಲಿಗೆ ಅಲ್ಲಾಹನು ಜಾಫರ್(ರ)ರಿಗೆ ಎರಡು ರೆಕ್ಕೆಗಳನ್ನು ದಯಪಾಲಿಸಿದ್ದಾನೆಂಬ ಸುವಾರ್ತೆಯನ್ನೂ ಅವರು ನೀಡಿದರು.

ಮುಂದಿನ ವರ್ಷ, ಹಿಜ್ರಿ 9ರಲ್ಲಿ, ಹಬಶಾದಲ್ಲಿ ನಜ್ಜಾಶಿ ತೀರಿಕೊಂಡ ಸುದ್ದಿ ತಿಳಿದು ಪ್ರವಾದಿವರ್ಯರು(ಸ) ಮದೀನಾದಲ್ಲಿ ಅವನಿಗಾಗಿ ಜನಾಝಾ ನಮಾಝ್ ನಿರ್ವಹಿಸಿದರು. ಇಥಿಯೋಪಿಯದ ಟಿಗ್ರೆ ಪ್ರಾಂತದ ನೆಗಾಶ್ ಎಂಬಲ್ಲಿ ಅವನ ಮತ್ತು ಆ ಮುಹಾಜಿರರ ನೆನಪಿನ ಮಸೀದಿಯೊಂದಿದೆ. 2020ರ ಯುದ್ಧದಲ್ಲಿ ಅದಕ್ಕೂ ಶೆಲ್ ದಾಳಿಯಿಂದ ಹಾನಿಯಾಯಿತು.

ಅಸ್ಮಾ(ರ)ರನ್ನು ಬಳಿಕ ಅಬೂಬಕರ್(ರ) ವಿವಾಹವಾದರು. 632ರಲ್ಲಿ, ವಿದಾಯದ ಹಜ್ಜ್‌ಗೆ ಹೊರಟ ದಾರಿಯಲ್ಲಿ, ದುಲ್‌ಹುಲೈಫಾದಲ್ಲಿ ಅವರು ಮುಹಮ್ಮದ್ ಎಂಬ ಮಗನನ್ನು ಹೆತ್ತರು. ಸ್ನಾನ ಮಾಡಿ, ಬಟ್ಟೆ ಬಿಗಿದುಕೊಂಡು ಇಹ್ರಾಮ್ ಧರಿಸಿ ಮುಂದುವರಿಯುವಂತೆ ಪ್ರವಾದಿವರ್ಯರು(ಸ) ಅವರಿಗೆ ಹೇಳಿ ಕಳುಹಿಸಿದರು. ಹೆರಿಗೆಯಾದ ಹೆಣ್ಣುಮಕ್ಕಳಿಗೆ ಹಜ್ಜ್‌ನ ಈ ವಿಧಿ ತಿಳಿದದ್ದು ಹೀಗೆ. ಅದೇ ವರ್ಷ ಪ್ರವಾದಿವರ್ಯರ(ಸ) ನಿಧನದ ಕೆಲವು ತಿಂಗಳುಗಳ ಬಳಿಕ ಫಾತಿಮಾ(ರ) ಕಾಯಿಲೆಯಲ್ಲಿ ಮಲಗಿದರು. ಹೆಣ್ಣಿನ ಮೃತದೇಹದ ಮೇಲೆ ಬರಿಯ ಬಟ್ಟೆ ಹೊದಿಸಿ ಒಯ್ಯುವುದು ಅವರಿಗೆ ಸಂಕೋಚ ತರುತ್ತಿತ್ತು. ಅಸ್ಮಾ(ರ) ತಾವು ಹಬಶಾದಲ್ಲಿ ಕಂಡಿದ್ದನ್ನು ಹೇಳಿ, ಹಸಿ ಖರ್ಜೂರದ ಗರಿಗಳನ್ನು ತರಿಸಿ ಬಾಗಿಸಿ ಮೇಲೆ ಬಟ್ಟೆ ಹೊದಿಸಿ ತೋರಿಸಿದರು. ಫಾತಿಮಾ(ರ)ರಿಗೆ ಅದು ಮೆಚ್ಚುಗೆಯಾಯಿತು. ಅವರ ಮಯ್ಯತ್ ಹೊರಟದ್ದು ಹಬಶಾದ ಆ ಮಾದರಿಯಲ್ಲೇ ಎಂದು ವರದಿಯಾಗಿದೆ.

634ರಲ್ಲಿ ಅಬೂಬಕರ್(ರ) ತೀರಿಕೊಂಡಾಗ ಅವರ ಉಯಿಲಿನಂತೆ ಮಯ್ಯತ್‌ಗೆ ಸ್ನಾನ ಮಾಡಿಸಿದವರು ಅಸ್ಮಾ(ರ). ಉಮರ್(ರ) ಖಲೀಫರಾಗಿ ಮುಹಾಜಿರ್ ಮಹಿಳೆಯರಿಗೆ ವೇತನ ನಿಗದಿಪಡಿಸಿದಾಗ ಅಸ್ಮಾ(ರ)ರಿಗೆ 1,000 ದಿರ್ಹಮ್ ಗೊತ್ತುಮಾಡಿದರು. ಕನಸುಗಳ ಅರ್ಥವನ್ನು ಅವರಲ್ಲಿ ಕೇಳಿ ತಿಳಿಯುತ್ತಿದ್ದರು ಕೂಡ. ಹಬಶಿನವಳೇ ಎಂದು ಅಂದು ಕೇಳಿದ್ದ ಅದೇ ಉಮರ್(ರ)!

ಅಬೂಬಕರ್(ರ)ರ ಬಳಿಕ ಅಸ್ಮಾ(ರ) ಜಾಫರ್(ರ)ರ ತಮ್ಮ ಅಲಿ(ರ)ರ ಪತ್ನಿಯಾದರು. ಒಂದು ದಿನ ಜಾಫರ್‌ರ ಮಗ ಮುಹಮ್ಮದ್ ಮತ್ತು ಅಬೂಬಕರ್‌ರ ಮಗ ಮುಹಮ್ಮದ್ ತಮ್ಮ ತಮ್ಮ ತಂದೆಯೇ ಮೇಲು ಎಂದು ಜಗಳಕ್ಕಿಳಿದರು. ನೀವೇ ತೀರ್ಮಾನಿಸಿ ಎಂದರು ಅಲಿ(ರ). ಅರಬರ ಯುವಕರಲ್ಲಿ ಜಾಫರ್‌ರಿಗಿಂತ ಉತ್ತಮರನ್ನೂ, ಹಿರಿಯರಲ್ಲಿ ಅಬೂಬಕರ್‌ರಿಗಿಂತ ಉತ್ತಮರನ್ನೂ ತಾವು ಕಂಡಿಲ್ಲವೆಂದು ಅಸ್ಮಾ(ರ) ಹೇಳಿದರು. ಹಾಗಾದರೆ ತಮಗೆ ಏನು ಉಳಿಸಿದಿರಿ ಎಂದು ಅಲಿ(ರ) ಕೇಳಿದರಂತೆ. 658ರಲ್ಲಿ ಅಬೂಬಕರ್‌ರ ಆ ಮಗ ಈಜಿಪ್ಟಿನಲ್ಲಿ ಕೊಲ್ಲಲ್ಪಟ್ಟ ಸುದ್ದಿಯನ್ನೂ ಆ ತಾಯಿ ಕೇಳಬೇಕಾಯಿತು.

ಹಬಶಾದಲ್ಲಿ ಹುಟ್ಟಿದ ಹಿರಿಯ ಮಗ ಅಬ್ದುಲ್ಲಾ(ರ) ಅಲಿ(ರ)ರ ಮಗಳು ಝೈನಬ್(ರ)ರನ್ನು ವರಿಸಿದರು. ಮದೀನಾದಲ್ಲಿ ಅವರಷ್ಟು ಧಾರಾಳಿ ಬೇರೊಬ್ಬರಿಲ್ಲವೆಂದು ಹೆಸರಾದರು. ದಾರಿಯಲ್ಲಿ ಅವರು ಎದುರಾದಾಗಲೆಲ್ಲ ಉಮರ್(ರ)ರ ಮಗ ಅಬ್ದುಲ್ಲಾ(ರ) ಸಲಾಮ್ ಹೇಳುತ್ತಿದ್ದುದು ಅವರ ಹೆಸರು ಹಿಡಿದಲ್ಲ, ಎರಡು ರೆಕ್ಕೆಗಳ ಒಡೆಯನ ಮಗನೆಂದು.